ಮೇಘನಾಳ ದೋಣಿ ಸೋರಿದ ಮಳೆಗಾಲ

ಹೋದ ವಾರ ಪೀಣ್ಯ ಎರಡನೇ ಹಂತದಲ್ಲಿ, ನೀರಿನ ತೊಟ್ಟಿ ಮಾಡುವ ಫೈಬರ್ ಶೆಡ್ಡೊಂದರ ಮುಂದೆ ನಮ್ಮ ಕಂಪನಿಯ ವ್ಯಾನು ನಿಂತುಬಿಟ್ಟಿತು. ತಿರುವಿನಲ್ಲಿ ಉದ್ದನೆಯ ಲಾರಿಯೊಂದು ಅಡ್ಡ ಸಿಕ್ಕಿಕೊಂಡಿತ್ತು. ಶೆಡ್ಡಿನೊಳಗೆ ಯಾರೋ ಫೈಬರ್ ಗಟ್ಟಿಯಾಗಿಸುವ ರೆಸಿನ್ ಅಂಟು ಕಲಸುತ್ತಿದ್ದರು. ಮೂಗಿನೊಳಗೆ ಕಚ್ಚಿ ಕೂರುವ ಅದರ ಘಾಟು ಕಿಟಕಿಯಿಂದ ನುಗ್ಗಿದಾಗ ಪಕ್ಕದವರೆಲ್ಲ ಸೆರಗು, ಕರ್ಚೀಫು ಹಿಡಿದುಕೊಂಡರು. ನನಗೆ ಸಿಟ್ಟು ಬಂತು. ಯಾರ ಮೇಲೆ, ಯಾತಕ್ಕೆ ಎಂದು ಒಂದು ಕ್ಷಣ ನನಗೇ ತಿಳಿಯಲಿಲ್ಲ. ಆಮೇಲೆ ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ, ನಮ್ಮ ಅಂಗಳ, ಅಲ್ಲಿ ಮಗುಚಿ ಹಾಕಿದ್ದ ಬಿಳಿ ದೋಣಿ, ಎಲ್ಲ ಒಂದರ ಹಿಂದೊಂದು ಬಂದವು.

ಆಗ ನನ್ನ ಮಗಳು ಮೇಘನಾ ಒಂಬತ್ತನೇ ತರಗತಿ. ಅದರ ಹಿಂದಿನ ಬೇಸಿಗೆ ರಜೆಯಲ್ಲಿ, ಮಾಗಡಿಯ ಆಚೆಗಿನ ಒಂದು ಜಲಾಶಯದಲ್ಲಿ ಮಕ್ಕಳಿಗೆ ಹಾಯಿದೋಣಿ ಕಲಿಸುವ ಶಿಬಿರಕ್ಕೆ ಹೋಗಿದ್ದವಳು ಅದನ್ನೇ ಹಚ್ಚಿಕೊಂಡುಬಿಟ್ಟಿದ್ದಳು. ನಮ್ಮ ಬೀದಿಯವರಿಗೆ ಇದನ್ನು ಅರ್ಥ ಮಾಡಿಸುವುದೇ ಒಂದು ಪಾಡು. "ಬೋಟಿಂಗಾ? ಪೆಡಲ್ ತುಳಿಯೋದಾ?" ಎಂದು ಕೇಳುತ್ತಿದ್ದರು. ಪೆಡಲ್ ಇಲ್ಲ, ಮೋಟರ್ ಇಲ್ಲ, ಗಾಳಿಯಲ್ಲೇ ಓಡಿಸುವುದು ಎಂದರೆ, "ಗಾಳಿ ಬರ್ದೇ ಇದ್ರೆ?" ಎನ್ನುತ್ತಿದ್ದರು.

ಊರು ಬಿಟ್ಟು ಹೋಗುತ್ತಿದ್ದ ಒಂದು ಸಂಸಾರದವರಿಂದ ಅವಳಿಗೆಂದು ಹಳೆಯ ದೋಣಿಯೊಂದನ್ನು ಕೊಂಡೆವು. ಒಬ್ಬರೇ ಕೂತು ನಡೆಸುವಂಥದ್ದು. ಫೈಬರಿನ ಎರಡು ಚಿಪ್ಪು, ಮೇಲೊಂದು ಕೆಳಗೊಂದು, ಅಂಚಿನಲ್ಲಿ ಅಂಟಿಸಿದ್ದು. ನಡುವೆ ಬರೀ ಗಾಳಿ. ಮುಚ್ಚಿದ ಡಬ್ಬಿಯ ಹಾಗೆ. ಮುಂಭಾಗದಲ್ಲಿ ಹಾಯಿಕಂಬ ಇಳಿಸಲು ತಳ ಮುಚ್ಚಿದ ಒಂದು ಕುಳಿ. ಹಿಂದೆ ಒಂದು ಪುಟ್ಟ ಬಿರಡೆ. ಒಳಗೆ ಅಕಸ್ಮಾತ್ ನೀರು ಹೋದರೆ ಅದನ್ನು ಬಿಚ್ಚಿ ಬಸಿಯಬೇಕು. ಹೋಗಬಾರದು ಎಂಬುದು ಲೆಕ್ಕ.

ಜೂನ್ ತಿಂಗಳಲ್ಲಿ ಮೊದಲ ಪಂದ್ಯಗಳು ನಡೆದವು. ಒಂದೇ ದಿನ ಒಂದರ ಮೇಲೊಂದು ಓಟ. ಮೊದಲನೆಯದರಲ್ಲಿ ಮೇಘನಾ ಮುಂದಿನ ಗುಂಪಿನಲ್ಲೇ ಇದ್ದಳು. ಎರಡನೆಯದರಲ್ಲಿ ನಡುವಿಗೆ ಬಿದ್ದಳು. ಕೊನೆಯದರಲ್ಲಿ ಎಲ್ಲರೂ ದಡ ಸೇರಿ ಚಹಾ ಕುಡಿಯುವಾಗ ಇವಳೊಬ್ಬಳ ಹಾಯಿ ಮಾತ್ರ ದೂರದಲ್ಲಿ ತೆವಳುತ್ತಿತ್ತು. ಬಂದವಳೇ, "ಅಮ್ಮಾ, ದೋಣಿ ಭಾರ ಆಗ್ತಾ ಹೋಗುತ್ತೆ. ಮೊದ್ಲು ಸರಿ ಇರುತ್ತೆ, ಆಮೇಲೆ ಎಮ್ಮೆ ಥರ ಕೂತ್ಕೊಳುತ್ತೆ" ಎಂದಳು.

ಬಿರಡೆ ಬಿಚ್ಚಿದೆ. ನೀರು ಧಾರೆಯಾಗಿ ಬಂತು. ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅವರ ಕೋಚ್ ಸೈನ್ಯದಲ್ಲಿದ್ದು ಬಂದವರು, ಅಗಲ ಎದೆಯ, ಶಿಸ್ತಿನ ಮನುಷ್ಯ. ಕರೆದು ತೋರಿಸಿದೆ. ಬಗ್ಗಿ ಸಹ ನೋಡಲಿಲ್ಲ. "ಎಲ್ಲಾ ಹಳೇ ಬೋಟಲ್ಲೂ ಸ್ವಲ್ಪ ನೀರು ಬರುತ್ತೆ ಮೇಡಂ. ಬೋಟ್ ಫೈನ್. ಹುಡುಗಿ ತೂಕ ಇಳಿಸ್ಬೇಕು. ಲೈಟ್ ವಿಂಡಲ್ಲಿ ಒಂದೊಂದು ಕೇಜಿನೂ ಲೆಕ್ಕ" ಎಂದರು. ಮೇಘನಾ ಪಕ್ಕದಲ್ಲೇ ನಿಂತಿದ್ದಳು, ಒದ್ದೆ ಬಟ್ಟೆಯಲ್ಲಿ.

ನನಗೆ ಮೈ ಉರಿಯಲು ಇನ್ನೊಂದು ಕಾರಣವಿತ್ತು. ಸೋರಿಕೆ ಹಿಡಿಯುವುದೇ ನನ್ನ ಹೊಟ್ಟೆಪಾಡು. ಪೀಣ್ಯದಲ್ಲಿ ವಾಲ್ವ್ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಟೆಸ್ಟಿಂಗ್ ವಿಭಾಗದವಳು. ವಾಲ್ವಿನ ಬಾಯಿ ಕಟ್ಟಿ, ಒಳಗೆ ಒತ್ತಡ ಕೊಟ್ಟು, ನೀರಿನಲ್ಲಿ ಮುಳುಗಿಸಿ ನೋಡುವುದು. ಸಾಸಿವೆಯಷ್ಟು ಗುಳ್ಳೆ ಎದ್ದರೂ ರಿಜೆಕ್ಟ್. ಎಷ್ಟೋ ವರ್ಷಗಳಿಂದ ಇದನ್ನೇ ಮಾಡುತ್ತ ಬಂದವಳಿಗೆ ಒಂದು ಆಟದ ದೋಣಿಯ ತೂತು ಸಿಗದೇ ಹೋಗುತ್ತದೆಯೇ? ಒಂದು ಭಾನುವಾರದ ಕೆಲಸ ಎಂದುಕೊಂಡು ದೋಣಿಯನ್ನು ಗೂಡ್ಸ್ ಗಾಡಿಯಲ್ಲಿ ಹಾಕಿಸಿ ಮನೆಗೆ ತಂದೆ.

ನಮ್ಮದು ಮೊದಲಿನಿಂದ ಪೀಣ್ಯದ ಪಕ್ಕದಲ್ಲೇ ಇದ್ದವರ ಮನೆ. ಕಾರ್ಖಾನೆಗಳು ಬರುವ ಮುಂಚೆ ನಮ್ಮತ್ತೆ ಮದುವೆಯಾಗಿ ಬಂದಾಗ ಸುತ್ತ ರಾಗಿ ಹೊಲ ಇತ್ತಂತೆ. ಈಗ ಉಳಿದಿರುವುದು ಹಳೆಯ ಮನೆ, ಮಹಡಿಯ ಮೇಲೆ ಬಾಡಿಗೆ ರೂಮುಗಳು, ಮುಂದೆ ಒಂದು ತೆಂಗಿನ ಮರದ ಅಂಗಳ. ಆ ಅಂಗಳದಲ್ಲಿ ಬಟ್ಟೆ ಒಣಹಾಕುವ ಎರಡು ಕಂಬ ಕಿತ್ತು ದೋಣಿಗೆ ಜಾಗ ಮಾಡಿದೆವು. ನಮ್ಮತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು.

"ಏನಮ್ಮಿ ಇದು, ಮನೆ ಮುಂದೆ ಮೀನು ಮಲಗ್ಸಿದಂಗೆ ಮಲಗ್ಸಿದ್ದೀಯ. ಇನ್ನು ಬಟ್ಟೆ ಎಲ್ಲಿ ಒಣಾಕ್ಲಿ, ನಿನ್ ತಲೆ ಮ್ಯಾಲಾ?"

"ಒಂದೇ ವಾರ ಅತ್ತೆ" ಎಂದೆ.

ಮೊದಲು ಗಾಳಿ ಪರೀಕ್ಷೆ. ಬಿರಡೆಯ ತೂತಿಗೆ ಟ್ಯೂಬು ಜೋಡಿಸಿ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿ, ಮೈಯೆಲ್ಲ ಸೋಪಿನ ನೀರು ಬಳಿದೆವು. ನನ್ನ ಗಂಡ ನಾಗರಾಜ ಪಂಪು ಒತ್ತಿದರು, ಮೇಘನಾ ಬ್ರಷ್ ಹಿಡಿದಳು. ಮುಂಭಾಗದ ಅಂಚಿನಲ್ಲಿ, ಎರಡು ಚಿಪ್ಪು ಸೇರುವ ಕಡೆ, ಗುಳ್ಳೆಗಳ ಸಾಲು ಎದ್ದಿತು. "ಸಿಕ್ತು!" ಎಂದು ಮೇಘನಾ ಕುಣಿದಳು. ಉಜ್ಜಿ, ಒಣಗಿಸಿ, ಒಳ್ಳೆಯ ಅಂಟು ತುಂಬಿದೆ. ಮರುವಾರ ಜಲಾಶಯಕ್ಕೆ ಒಯ್ದೆವು. ಸಂಜೆ ಬಿರಡೆ ಬಿಚ್ಚಿದರೆ ಮತ್ತೆ ಅದೇ ಧಾರೆ.

ಮತ್ತೆ ಮನೆಗೆ. ಈ ಸಲ ಚುಕ್ಕಾಣಿ ಕೂರಿಸುವ ಸ್ಕ್ರೂಗಳ ಮೇಲೆ ಅನುಮಾನ. ಎಲ್ಲ ಬಿಚ್ಚಿ, ತೂತುಗಳಿಗೆ ಅಂಟು ಹಾಕಿ ಬಿಗಿದೆ. ಜಲಾಶಯ. ನೀರು. ಮತ್ತೆ ಮನೆಗೆ. ದೋಣಿ ಪಕ್ಕಕ್ಕೆ ಜಾರದಿರಲೆಂದು ನಡುವೆ ಹಲಗೆ ಇಳಿಸುವ ಸೀಳಿನ ಒಳಗೋಡೆಗಳನ್ನು ಟಾರ್ಚ್ ಹಿಡಿದು ಇಂಚಿಂಚು ನೋಡಿ, ಗೆರೆಯಂತೆ ಕಂಡದ್ದಕ್ಕೆಲ್ಲ ಮೆತ್ತಿದೆ. ಜಲಾಶಯ. ನೀರು. ಅಂಗಳದಲ್ಲಿ ದೋಣಿಯನ್ನು ಇಟ್ಟಿಗೆಗಳ ಮೇಲೆ ಎತ್ತಿಟ್ಟು, ಒಳಗೇ ಬಕೆಟ್ಟುಗಟ್ಟಲೆ ನೀರು ತುಂಬಿ, ಕೆಳಗೆ ರಂಗೋಲಿ ಪುಡಿ ಹರಡಿ ಕಾದೆ. ಒಂದು ಹನಿ ಬಿದ್ದರೂ ಪುಡಿಯಲ್ಲಿ ಗುರುತು ಬೀಳಬೇಕು. ಬೆಳಿಗ್ಗೆ ಪುಡಿ ಪುಡಿಯಾಗೇ ಇತ್ತು. ಹಾಯಿಕಂಬದ ಕುಳಿಯನ್ನೂ ಬಿಡಲಿಲ್ಲ. ಅಂಚಿನವರೆಗೆ ನೀರು ತುಂಬಿ ಮುಚ್ಚಿಟ್ಟೆ. ಮಾರನೆಯ ದಿನ ಒಂದು ಕೂದಲಿನಷ್ಟೂ ಇಳಿದಿರಲಿಲ್ಲ.

ಮನೆಯಲ್ಲಿ ಸೋರದ ದೋಣಿ ನೀರಿಗಿಳಿದರೆ ಸೋರುತ್ತದೆ. ಕಾರ್ಖಾನೆಯಲ್ಲಿ ಹೀಗೆ ಹೇಳಿದರೆ ಯಾರಾದರೂ ನಂಬುತ್ತಾರೆಯೇ? ಇಲ್ಲಿ ಪಾಸಾದ ವಾಲ್ವು ಗಿರಾಕಿಯ ಹತ್ತಿರ ಸೋರಿತೆಂದರೆ ತಪ್ಪು ಪರೀಕ್ಷೆಯದ್ದು. ಅದು ನನಗೆ ಗೊತ್ತಿತ್ತು. ಎಲ್ಲಿ ತಪ್ಪುತ್ತಿದ್ದೇನೆ ಎಂಬುದು ಗೊತ್ತಾಗುತ್ತಿರಲಿಲ್ಲ. ವಿಷಯ ಹೇಗೋ ಹರಡಿ, ಕ್ಯಾಂಟೀನಿನಲ್ಲಿ ದಿನಾ ಒಬ್ಬರಲ್ಲ ಒಬ್ಬರು, "ಏನ್ ಮೇಡಂ, ಹಡಗು ತೇಲ್ತಾ ಇದ್ಯಾ?" ಎಂದು ಕೇಳುವರು. ನಗುವ ಶಕ್ತಿ ನನಗೆ ಜುಲೈಗೇ ಮುಗಿದಿತ್ತು.

ಮಳೆಯೂ ಹಟ ಹಿಡಿದಂತೆ ಸುರಿಯುತ್ತಿತ್ತು. ಅಂಟು ಒಣಗುವಷ್ಟು ಬಿಸಿಲು ಬಂದರೆ ನಾನು ಕೆಲಸದಲ್ಲಿ. ನಾನು ಮನೆಗೆ ಬಂದರೆ ಮಳೆ. ಕಾರ್ಖಾನೆಗಳ ಮುಂದೆ ಮೊಳಕಾಲುದ್ದ ನೀರು ನಿಂತು, ಆಯಿಲ್ ಬೆರೆತು, ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಅದರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬರುವಾಗೆಲ್ಲ, ಎಲ್ಲಿಯ ನೀರು ಎಲ್ಲಿಗಾದರೂ ಹೋಗುತ್ತದೆ, ನನ್ನ ಕಣ್ಣಿಗೆ ಮಾತ್ರ ಅದು ಹೋಗುವ ದಾರಿ ಕಾಣುವುದಿಲ್ಲ ಎಂದು ಹಲ್ಲು ಕಡಿಯುತ್ತಿದ್ದೆ.

ಅಷ್ಟರಲ್ಲಿ ಬೇರೊಂದು ಶುರುವಾಗಿತ್ತು. ದಡದ ಶೆಡ್ಡಿನಲ್ಲಿ ಕೋಚ್ ತೂಕದ ಯಂತ್ರ ತಂದಿಟ್ಟಿದ್ದರು. ವಾರವಾರ ಮಕ್ಕಳನ್ನು ಅದರ ಮೇಲೆ ನಿಲ್ಲಿಸಿ ತೂಕ ಜೋರಾಗಿ ಓದುತ್ತಿದ್ದರು. ಮೇಘನಾ ದಪ್ಪದ ಹುಡುಗಿಯೇ ಅಲ್ಲ; ಅಗಲ ಭುಜದ, ಗಟ್ಟಿ ಮೂಳೆಯ, ನಮ್ಮತ್ತೆಯ ಅಚ್ಚು. ಒಂದು ಸಂಜೆ ಅವಳ ಶಾಲೆಯ ಚೀಲದಿಂದ ಊಟದ ಡಬ್ಬಿ ತೆಗೆದರೆ ಬೆಳಿಗ್ಗೆ ಕಟ್ಟಿಕೊಟ್ಟ ಚಿತ್ರಾನ್ನ ಹಾಗೇ ಇತ್ತು. ಕೇಳಿದರೆ, "ಫ್ರೆಂಡ್ ತಂದಿದ್ದು ತಿಂದೆ" ಎಂದಳು. ರಾತ್ರಿ ಮುದ್ದೆಗೆ ಕೈ ಹಾಕಿದಂತೆ ಮಾಡಿ ಎದ್ದಳು. ನಮ್ಮತ್ತೆ ಅವಳ ತೋಳು ಹಿಡಿದು ನನ್ನ ಕಡೆ ತಿರುಗಿಸಿದರು.

"ನೋಡಮ್ಮಿ, ಮಗೀನ ರಟ್ಟೆ ಎಂಗಾಗೈತೆ ಅಂತ. ಆ ದೋಣಿ ಬಂದಾಗಿಂದ ಈ ಮನೇಲಿ ಬಟ್ಟೆನೂ ಒಣಗ್ತಿಲ್ಲ, ಕೂಸೂ ಉಣ್ತಿಲ್ಲ."

ಕೋಚ್ ಹತ್ತಿರ ಹೋಗಿ ಹೇಳಿದೆ. "ದೋಣಿ ಸೋರ್ತಾ ಇದೆ ಸಾರ್. ಅವಳ ತೂಕದಿಂದಲ್ಲ. ಅವಳ ಮುಂದೆ ಆ ಮಾತು ಆಡ್ಬೇಡಿ."

"ಎಲ್ಲಿ ಸೋರ್ತಿದೆ ತೋರ್ಸಿ ಮೇಡಂ."

ತೋರಿಸಲು ನನ್ನಲ್ಲಿ ಏನಿತ್ತು? "ಹುಡುಕ್ತಾ ಇದೀನಿ" ಎಂದೆ.

ಅವರು ನಯವಾಗಿಯೇ ನಕ್ಕರು. "ನೀವು ತಾಯಿ. ನಿಮಗೆ ಹಂಗೇ ಅನ್ಸುತ್ತೆ."

ಆ ಮಾತಿನ ನಯ ನನ್ನನ್ನು ವಾರಗಟ್ಟಲೆ ಸುಟ್ಟಿತು.

ಆಗಸ್ಟಿನ ಕೊನೆಗೆ ರಾಜ್ಯ ತಂಡದ ಆಯ್ಕೆ ಪಂದ್ಯ. ಗಾಳಿ ಒಮ್ಮೆ ಬೀಸಿ ಒಮ್ಮೆ ಸತ್ತುಹೋಗುತ್ತಿತ್ತು. ಮೊದಲ ಎರಡು ಓಟಗಳಲ್ಲಿ ಹೇಗೋ ತೂಗಾಡಿಕೊಂಡು ಬಂದಳು. ಮೂರನೆಯದರಲ್ಲಿ ಅರ್ಧ ದಾರಿಯಲ್ಲಿ ಅವಳ ಹಾಯಿ ಪಟಪಟ ಹೊಡೆದುಕೊಳ್ಳತೊಡಗಿತು. ಹಾಯಿಯ ಹಗ್ಗ ಅವಳ ಕೈಬಿಟ್ಟಿತ್ತು. ರಕ್ಷಣೆಯ ಮೋಟರ್ ಬೋಟು ಹೋಗಿ ಎಳೆದು ತಂದಿತು. ತಲೆ ಸುತ್ತು ಬಂದು ದೋಣಿಯ ಮೇಲೆ ಬೋರಲು ಮಲಗಿಬಿಟ್ಟಿದ್ದಳು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಾಗರಾಜ ಅವಳಿಗೆ ಗ್ಲೂಕೋಸ್ ಕುಡಿಸುತ್ತಿದ್ದಾಗ ನಾನು ಹಿಂದೆ ಹೋಗಿ ಬಿರಡೆ ಬಿಚ್ಚಿದೆ. ಬಂದ ನೀರು ದಡದ ಮಣ್ಣಿನಲ್ಲಿ ಕಾಲುವೆ ಮಾಡಿಕೊಂಡು ಹರಿಯಿತು. ಅಷ್ಟು ನೀರನ್ನು ಹೊತ್ತುಕೊಂಡು ಊಟವಿಲ್ಲದ ಮಗು ಬಿಟ್ಟು ಬಿಟ್ಟು ಬೀಸುವ ಗಾಳಿಯಲ್ಲಿ ದೋಣಿ ನಡೆಸಿದ್ದಳು. ಸುತ್ತ ನೋಡಿದೆ. ಕೋಚ್ ಆಯ್ಕೆಯಾದವರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು.

ವಾಪಸು ಹೊರಟು, ಮನೆ ಹತ್ತಿರ ಬಂದಾಗ ಮೇಘನಾ, "ಮಾರ್ಬಿಡಮ್ಮ. ನಾನೇ ಭಾರ ಇರೋದು. ದೋಣೀದೇನೂ ಇಲ್ಲ" ಎಂದಳು.

ನಾಗರಾಜರೂ ಅದನ್ನೇ ಹೇಳಿದರು. "ಸಾಕು ಸಾವಿತ್ರಿ. ಮಳೆಗಾಲ ಪೂರ್ತಿ ಇದೇ ಆಯ್ತು. ಅವಳೇ ಬೇಡ ಅಂತಿದಾಳೆ, ಇನ್ನು ಯಾರಿಗೋಸ್ಕರ ಹುಡುಕ್ತೀಯ?"

"ಅವಳಿಗೋಸ್ಕರನೇ ರೀ" ಎಂದೆ. "ಹೀಗೆ ಬಿಟ್ರೆ ತಾನೇ ಭಾರ ಅಂತ ಜೀವಮಾನವಿಡೀ ನಂಬ್ಕೊಂಡಿರ್ತಾಳೆ." ಅವತ್ತು ನಾವಿಬ್ಬರೂ ಬಾಡಿಗೆಯವರಿಗೆ ಕೇಳುವಷ್ಟು ಜೋರಾಗಿ ಜಗಳವಾಡಿದೆವು.

ಹಾಯಿಕಂಬವನ್ನು ಸುಮ್ಮನೆ ಒಂದು ಕಡೆ ಇಡಲು ಜಾಗವಿಲ್ಲದೆ ದೋಣಿಯಲ್ಲೇ ನಿಲ್ಲಿಸಿಬಿಟ್ಟಿದ್ದೆ. ಹೇಗೂ ನಿಂತಿದೆ ಎಂದು ಕುಳಿಗೆ ನೀರು ತುಂಬಿ ನೋಡಿದೆ. ಕಂಬವಿದ್ದರೂ ನೀರು ಇಳಿಯಲಿಲ್ಲ. ಅದೂ ಮುಗಿಯಿತು ಎಂದುಕೊಂಡು ನೀರನ್ನು ಹಾಗೇ ಬಿಟ್ಟೆ.

ಸೆಪ್ಟೆಂಬರಿನ ಒಂದು ಭಾನುವಾರ, ಬಹಳ ದಿನಗಳ ಮೇಲೆ ಬಿಸಿಲು ಬಂತು. ನಾನು ಸಂತೆಯಿಂದ ಬಂದು ನೋಡುತ್ತೇನೆ, ನಮ್ಮತ್ತೆ ತೆಂಗಿನ ಮರದಿಂದ ಹಾಯಿಕಂಬಕ್ಕೆ ಹಗ್ಗ ಎಳೆದು ಕಟ್ಟಿ, ಮನೆಯ ರಗ್ಗುಗಳನ್ನೆಲ್ಲ ಒಗೆದು ನೇತುಹಾಕಿದ್ದಾರೆ. ಒದ್ದೆ ರಗ್ಗುಗಳ ಭಾರಕ್ಕೆ ಕಂಬ ಒಂದು ಕಡೆ ವಾಲಿತ್ತು. ದೋಣಿಯೂ ಓರೆಯಾಗಿತ್ತು.

ನನ್ನ ತಲೆ ಕೆಟ್ಟುಹೋಯಿತು. "ಅತ್ತೆ, ಏನ್ ಮಾಡಿದ್ದೀರಾ? ಕಂಬ ಮುರೀತದೆ!"

"ಮುರುದ್ರೆ ಮುರೀಲಿ ಬಿಡು. ಮಳೆ ಹಿಡ್ದಾಗ ಒಂದು ವಾರ ಅಂದಿದ್ದೆ, ಈಗ ಗೌರಿ ಹಬ್ಬ ಬತ್ತಾ ಐತೆ" ಎಂದರು ಅವರು, ನೀರು ಹಿಂಡುತ್ತಾ.

ಹಗ್ಗ ಬಿಚ್ಚಲು ದೋಣಿಯ ಮೇಲೆ ಬಗ್ಗಿದೆ. ಆಗ ಕುಳಿ ಕಂಡಿತು. ಬೆಳಿಗ್ಗೆ ಅಂಚಿನವರೆಗೆ ಇದ್ದ ನೀರು ಈಗ ಎಲ್ಲೋ ಕೆಳಗಿತ್ತು. ಬಿಸಿಲಿಗೆ ಆರಿತೇ? ಅಷ್ಟೊಂದು ಆರುವುದಿಲ್ಲ. ಚೊಂಬಿನಲ್ಲಿ ನೀರು ತಂದು ತುಂಬಿದೆ. ನೋಡುತ್ತಿದ್ದಂತೆ ಗಾಳಿ ಬೀಸಿ ರಗ್ಗುಗಳು ತೂಗಿದವು. ಕಂಬ ಕಿರ್ ಎಂದಿತು. ಕುಳಿಯ ಆಳದಿಂದ ಗುಳಗುಳನೆ ಗುಳ್ಳೆಗಳು ಎದ್ದು ಬಂದವು. ಗಾಳಿ ನಿಂತಿತು. ಗುಳ್ಳೆಯೂ ನಿಂತಿತು.

ಅಲ್ಲೇ ಕುಕ್ಕರಿಸಿದೆ. ಕುಳಿಯ ತಳದಲ್ಲಿ ಎಲ್ಲೋ ಬಿರುಕಿತ್ತು. ಸುಮ್ಮನಿದ್ದಾಗ ಅದು ತುಟಿ ಮುಚ್ಚಿಕೊಂಡಂತೆ ಮುಚ್ಚಿಕೊಳ್ಳುತ್ತಿತ್ತು. ಹಾಯಿಗೆ ಗಾಳಿ ತುಂಬಿ ಕಂಬ ಪಕ್ಕಕ್ಕೆ ಎಳೆದಾಗ ಮಾತ್ರ ಬಾಯಿ ಬಿಡುತ್ತಿತ್ತು. ದೋಣಿಯ ಮೇಲೆ ಅಲೆ ಚಿಮ್ಮಿಸಿದ ನೀರೆಲ್ಲ ಕುಳಿಗೆ ಬಿದ್ದು ಅಲ್ಲಿಂದ ಒಳಗೆ. ಎರಡೂವರೆ ತಿಂಗಳು ನಾನು ಕಂಬಕ್ಕೆ ಭಾರ ಕೊಡದೆ ಪರೀಕ್ಷೆ ಮಾಡುತ್ತಿದ್ದೆ. ದೋಣಿ ನಿಂತಲ್ಲೇ ನಿಂತಿರಲಿ ಎಂದು ಮಾಡಿದ ವಸ್ತುವೇನಲ್ಲವಲ್ಲ!

"ಮೇಘೂ!" ಎಂದು ಕೂಗಿದೆ. ಬರಲಿಲ್ಲ. ಒಳಗೆ ಹೋಗಿ ಕೈ ಹಿಡಿದು ಎಳೆದುಕೊಂಡು ಬಂದೆ. "ಕಂಬ ಎಳಿ. ಇಲ್ನೋಡು."

ಬೇಸರದಿಂದಲೇ ಕಂಬ ಎಳೆದಳು. ಗುಳ್ಳೆ ಬಂತು. ಬಿಟ್ಟಳು. ನಿಂತಿತು. ಮತ್ತೆ ಎಳೆದಳು. ಮುಖ ಕುಳಿಯ ಹತ್ತಿರ ತಂದು, ಎರಡೂ ಕೈಯಿಂದ ಕಂಬ ಅಪ್ಪಿಕೊಂಡು, ಮತ್ತೆ ಮತ್ತೆ ಎಳೆದಳು. ನೀರು ಮುಗಿದಾಗ, "ಇನ್ನೊಂದ್ ಚೊಂಬು ತಾರಮ್ಮ" ಎಂದಳು. ತಂದುಕೊಟ್ಟೆ. ಅದೂ ಮುಗಿಯಿತು. ಒಂದು ರಗ್ಗು ಹಗ್ಗದಿಂದ ಜಾರಿ ಕೆಸರಿಗೆ ಬಿತ್ತು, ನಮ್ಮತ್ತೆ ಬಾಯಿಗೆ ಬಂದದ್ದು ಅಂದರು, ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಕೊನೆಗೆ ಕಂಬ ಬಿಟ್ಟು, ದೋಣಿಯ ಹೊಟ್ಟೆಗೆ ಕಾಲಿನಿಂದ ಒಂದು ಒದೆ ಕೊಟ್ಟಳು. ಆಮೇಲೆ ಅತ್ತಳು. ಆಯ್ಕೆ ಪಂದ್ಯದ ದಿನವೂ ಅತ್ತಿರಲಿಲ್ಲ.

ಪೀಣ್ಯದ ಒಂದು ಫೈಬರ್ ಶೆಡ್ಡಿನಲ್ಲಿ ರಿಪೇರಿಗೆ ಕೊಟ್ಟೆವು. ದೋಣಿಯ ಮೇಲ್ಭಾಗದಲ್ಲಿ ಕೈ ತೂರುವಷ್ಟು ಕಿಂಡಿ ಕೊರೆದು, ಕುಳಿಯ ತಳವನ್ನು ಉಜ್ಜಿ, ಫೈಬರ್ ಚಾಪೆಯ ಮೇಲೆ ಚಾಪೆ ಇಟ್ಟು ರೆಸಿನ್ ಬಳಿದರು. ಅಲ್ಲಿಯೂ ಸುಲಭಕ್ಕೆ ಆಗಲಿಲ್ಲ. ಮತ್ತೆ ಮಳೆ ಹಿಡಿದು ರೆಸಿನ್ ಗಟ್ಟಿಯಾಗದೆ ಹಲಸಿನ ಮೇಣದಂತೆ ಅಂಟಂಟಾಗಿ ಉಳಿಯಿತು. ಕೆರೆದು ತೆಗೆದು, ಬಲ್ಬು ಉರಿಸಿ ಬಿಸಿ ಕೊಟ್ಟು, ಇನ್ನೊಮ್ಮೆ ಬಳಿಸಿದೆವು. ಕೆಲಸ ಮುಗಿಸಿ ದಿನಾ ಅಲ್ಲಿ ಹೋಗಿ ನಿಲ್ಲುತ್ತಿದ್ದೆ. ಆ ವಾಸನೆ ನನ್ನ ಕೂದಲಿಗೆ, ಸೀರೆಗೆ, ಅನ್ನದ ತುತ್ತಿಗೆ ಅಂಟಿಕೊಂಡದ್ದು ಆಗಲೇ.

ಆಯ್ಕೆಯಂತೂ ಮುಗಿದುಹೋಗಿತ್ತು. ಮೇಘನಾಳನ್ನು ಮತ್ತೆ ನೀರಿಗೆ ಇಳಿಸಲು ನಾನು ಒತ್ತಾಯ ಮಾಡಲಿಲ್ಲ. ತಾನಾಗಿಯೇ ಒಂದು ಶನಿವಾರ, "ನಾಳೆ ಕ್ಲಬ್ಬಲ್ಲಿ ಸಣ್ಣ ಪಂದ್ಯ ಇದೆ, ಹೋಗೋಣ್ವಾ?" ಎಂದಳು. ಬೆಳಿಗ್ಗೆ ಅಜ್ಜಿ ಸುಟ್ಟುಕೊಟ್ಟ ಅಕ್ಕಿರೊಟ್ಟಿ ತಿಂದು ಹೊರಟಳು.

ಅವತ್ತು ಗಾಳಿ ಎಲ್ಲಿತ್ತೋ, ಎದ್ದು ಬಂತು. ಜಲಾಶಯದ ತುಂಬ ಬಿಳಿ ನೊರೆ. ಹಗುರ ಮೈಯ ಮಕ್ಕಳು ದೋಣಿಯನ್ನು ಸೆಟೆದು ಹಿಡಿಯಲಾರದೆ ಒಬ್ಬೊಬ್ಬರಾಗಿ ಮಗುಚಿಕೊಂಡರು. ತಂಡಕ್ಕೆ ಆಯ್ಕೆಯಾದವರಲ್ಲೂ ಇಬ್ಬರು ಹಿಂದಿರುಗಿದರು. ಮೇಘನಾ ದೋಣಿಯ ಅಂಚಿನಿಂದ ಮೈಯೆಲ್ಲ ಹೊರಗೆ ಚಾಚಿ, ಆ ಅಗಲ ಭುಜಗಳ ಭಾರವನ್ನೆಲ್ಲ ಗಾಳಿಗೆ ಎದುರು ಕೊಟ್ಟು, ನೀರು ಸೀಳಿಕೊಂಡು ಹೋಗುವುದನ್ನು ದಡದಿಂದ ನೋಡಿದೆ. ಮೂರು ಓಟದಲ್ಲೂ ಮುಂದೆಯೇ ಇದ್ದಳು. ಮೂರನೆಯದು ಮೊದಲನೆಯದಕ್ಕಿಂತ ಜೋರಾಗಿತ್ತು.

ದಡಕ್ಕೆ ಬಂದಾಗ ಕೋಚ್ ಅವಳ ಬೆನ್ನು ತಟ್ಟಿದರು. ನಾನು ಹತ್ತಿರ ಹೋದೆ. ಕಂಬದ ಕುಳಿಯ ಬಿರುಕು, ಅದು ಬಾಯಿಬಿಡುತ್ತಿದ್ದ ರೀತಿ, ಎಲ್ಲವನ್ನೂ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಹೇಳಿದೆ ಕೂಡ. ಅವರು ತಲೆಯಾಡಿಸುತ್ತಾ ಕೇಳಿದರು, ನಡುವೆ ಒಮ್ಮೆ ಗಡಿಯಾರ ನೋಡಿಕೊಂಡರು. "ವೆರಿ ಗುಡ್ ಮೇಡಂ, ಮೇಂಟೆನೆನ್ಸ್ ಮುಖ್ಯ" ಎಂದರು. ಆಮೇಲೆ ಪಕ್ಕದಲ್ಲಿದ್ದ ಇನ್ನೊಂದು ಮಗುವಿನ ಅಪ್ಪನ ಕಡೆ ತಿರುಗಿ ಹೇಳಿದರು: "ನೋಡಿದ್ರಾ ಸಾರ್ ಈ ಹುಡುಗೀನ? ನಾನು ತೂಕ ಇಳ್ಸು ಅಂತ ಬೆನ್ನು ಹತ್ತಿದ್ದಕ್ಕೇ ಇವತ್ತು ಹಿಂಗೆ ಓಡ್ಸಿದ್ದು."

ಮೇಘನಾ ನನ್ನ ಮುಖ ನೋಡಿ ಬಿದ್ದುಬಿದ್ದು ನಕ್ಕಳು. ಈಗ ಕಾಲೇಜು ಮುಗಿಸುತ್ತಾ ಬಂದಿದ್ದಾಳೆ, ಈ ಕಥೆ ಹೇಳಿದಾಗಲೆಲ್ಲ ಅಲ್ಲಿಗೆ ಬಂದು ಹಾಗೇ ನಗುತ್ತಾಳೆ. ನನಗೆ ಇವತ್ತಿಗೂ ನಗು ಬರುವುದಿಲ್ಲ.